ಎರಡು ಬೇಡಿಕೆ, ಒಂದೇ ಹೂವು

ಸಕ್ಕರೆ ಕಾಯಿಲೆ ಇದೆ ಎಂದು ಜನ ಮದುವೆಮನೆಯ ಪಂಕ್ತಿಯಲ್ಲಿ ಕೂತು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ರಕ್ತದೊತ್ತಡದ ಸುದ್ದಿಯನ್ನಂತೂ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹಂಚುತ್ತಾರೆ. ಆದರೆ ‘ನನಗೆ ಹೊಟ್ಟೆಕಿಚ್ಚಿದೆ, ಸಂಜೆ ಹೊತ್ತಿಗೆ ಸ್ವಲ್ಪ ಹೆಚ್ಚಾಗುತ್ತದೆ’ ಎಂದು ಹೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಹಾಗಾದರೆ ಈ ಊರಲ್ಲಿ ಯಾರಿಗೂ ಇಲ್ಲವೇ? ಇಲ್ಲದೆ ಇರಲಾರದು ಬಿಡಿ. ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ: ನನಗಿದೆ. ಅದೂ ದೂರದವರ ಮೇಲಲ್ಲ, ಒಂದೇ ಮನೆಯಲ್ಲಿ ಒಂದೇ ಒಲೆಯ ಅನ್ನ ಉಣ್ಣುವ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ ಸುನಂದಾಳ ಮೇಲೆ. ಅವಳ ಸೀರೆಯ ಮೇಲೆ ನನಗೆ ಕಣ್ಣಿಲ್ಲ, ಬಂಗಾರದ ಮೇಲೂ ಇಲ್ಲ. ನನ್ನ ಹೊಟ್ಟೆ ಉರಿದದ್ದು ಅವಳಿಗೆ ಕಾನೂನು ಕಾಲೇಜಿನಲ್ಲಿ ಸಿಕ್ಕಿದ ಸೀಟು ಕಂಡು.

ನನ್ನ ತವರು ಅಂಕೋಲೆ ಕಡೆಯ ಒಂದು ಹಳ್ಳಿ. ಗಂಡನ ಮನೆ ಕಾರವಾರದ ಕೋಡಿಬಾಗ. ತವರಿನಲ್ಲಿ ಬೆಳೆದ ಬದನೆ, ಹರಿವೆ, ಮೂಲಂಗಿಯನ್ನು ಅವ್ವ ಭಾನುವಾರ ಕಾರವಾರದ ಸಂತೆಗೆ ತರುತ್ತಿದ್ದಳು. ಅವಳ ಕೆಲಸ ತೂಗುವುದು, ನನ್ನ ಕೆಲಸ ವಾದಿಸುವುದು. ಗಿರಾಕಿ ‘ಬದನೆ ಬಾಡಿದೆ’ ಎಂದರೆ, ಬಾಡಿದ್ದು ಬದನೆಯೋ ಅಥವಾ ಬಿಸಿಲಲ್ಲಿ ನಡೆದು ಬಂದ ತಾವೋ ಎಂದು ಕೇಳಿ, ಅವರು ಉತ್ತರ ಹುಡುಕುವಷ್ಟರಲ್ಲಿ ಚೀಲಕ್ಕೆ ಹಾಕಿಬಿಡುತ್ತಿದ್ದೆ. ಅಪ್ಪ ಒಮ್ಮೆ ಅದನ್ನು ನೋಡಿ, ಈ ಹುಡುಗಿ ವಕೀಲಿ ಮಾಡುವುದಕ್ಕೇ ಹುಟ್ಟಿದ್ದು ಎಂದ. ಅವನು ಹೇಳಿ ಮರೆತ, ನಾನು ಮರೆಯಲಿಲ್ಲ. ಬಿ.ಎ. ಆಯಿತು, ಮದುವೆಯಾಯಿತು, ಮಗಳು ಹುಟ್ಟಿ ಬೆಳೆದು ನರ್ಸಿಂಗೂ ಸೇರಿದಳು. ನಾನು ಮಾತ್ರ ಪೇಟೆಯ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟಾಗಿ, ಬೇರೆಯವರ ಜಗಳಗಳನ್ನು ಸ್ವಚ್ಛವಾಗಿ ಹೊಡೆದುಕೊಡುತ್ತ ಕೂತುಬಿಟ್ಟೆ.

ಇಷ್ಟು ವರ್ಷ ದಾವೆ, ತಕರಾರು, ವಕಾಲತ್ತು ಎಂದು ಕುಟ್ಟಿದ ಬೆರಳುಗಳು ಮನೆಗೆ ಬಂದ ಕೂಡಲೇ ಸುಮ್ಮನಾಗುತ್ತವೆಯೇ? ‘ಸದರಿ ಸಾರಿಗೆ ಉಪ್ಪು ಕಡಿಮೆಯಾಗಿದ್ದು, ಮೇಲ್ಕಂಡ ಉಪ್ಪಿನಕಾಯಿಯನ್ನು ಹಾಕಿಕೊಳ್ಳತಕ್ಕದ್ದು’ ಎಂದು ನಾನು ತಮಾಷೆಗಲ್ಲ, ನಿಜವಾಗಿ ಹೇಳಿದ್ದಿದೆ. ಗಂಡ ಬಿಣಗಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಅವರಿಗೆ ಮನೆಯಲ್ಲಿ ಶಾಂತಿ ಬೇಕು. “ಕೋರ್ಟಿಂದ ಬಂದಮೇಲೆ ಕೈಕಾಲ್ ಜೊತಿಗೆ ಬಾಯೂ ತೊಳ್ಕಂಡು ಒಳಗೆ ಬಾ ಮಾರಾಯ್ತಿ” ಎನ್ನುತ್ತಾರೆ.

ಈ ಸಲ ಮಳೆಗಾಲ ಹಿಡಿಯುವ ಹೊತ್ತಿಗೆ ಮೂರು ವರ್ಷದ ಕಾನೂನು ಪದವಿಗೆ ಅರ್ಜಿ ಹಾಕಿಯೇ ಬಿಡುವುದು ಎಂದು ಗಟ್ಟಿ ಮಾಡಿದೆ. ವಕೀಲ ಸಾಹೇಬರು ನಕ್ಕರು, ಆದರೆ ಬೇಡ ಎನ್ನಲಿಲ್ಲ. ಸಂಜೆ ಬಂದು ಕೆಲಸ ಮಾಡಿ ಎಂದರು. ನನಗಿದ್ದ ಹೆದರಿಕೆ ಒಂದೇ. ಆ ಕಾಲೇಜಿನ ಅಂಗಳದಲ್ಲಿ ಮಗಳ ವಯಸ್ಸಿನವರ ನಡುವೆ ಒಬ್ಬಳೇ ನಿಲ್ಲುವುದು ಹೇಗೆ? ಫೀಸು ತುಂಬಲು ಬಂದ ಯಾರದೋ ತಾಯಿ ಎಂದು ತಿಳಿದು ಕುರ್ಚಿ ಕೊಟ್ಟರೆ ಏನು ಗತಿ? ಅದಕ್ಕೆ ಸುನಂದಾಳನ್ನು ಜೊತೆಗೆ ಕರೆದೆ. ಅವಳ ತವರು ಕಾಳಿ ನದಿಯ ಆಚೆ ದಡದ ಚಿತ್ತಾಕುಲ, ಮನೆಮಾತು ಕೊಂಕಣಿ. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಜಗಳ ಎಂದರೆ ಏನೆಂದೇ ಗೊತ್ತಿಲ್ಲ. ಬಿ.ಕಾಂ. ಮಾಡಿದ್ದಾಳೆ ಎಂಬುದು ನಮಗೆಲ್ಲ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಬರೀ ಜೊತೆಗೆ ಬಂದು ನಿಲ್ಲುವುದು ಚೆನ್ನಾಗಿರುವುದಿಲ್ಲ, ನೀನೂ ಒಂದು ಅರ್ಜಿ ಹಾಕು ಎಂದು ಒತ್ತಾಯಿಸಿದವಳು ನಾನೇ. ಅವಳ ಅರ್ಜಿ ತುಂಬಿದವಳೂ ನಾನೇ. ಅವಳು ನಾನು ತೋರಿಸಿದ ಕಡೆ ಸಹಿ ಹಾಕಿ, ಹಿಂದಿರುಗುವ ದಾರಿಯಲ್ಲಿ ದಾರದ ಉಂಡೆ ಕೊಂಡುಕೊಂಡಳು.

ಸೀಟು ಸಿಕ್ಕಿದವರಿಗೆ ಫೋನು ಮಾಡುತ್ತೇವೆ ಎಂದರು ಕಾಲೇಜಿನವರು. ಅಲ್ಲಿಂದ ಶುರುವಾಯಿತು ನೋಡಿ. ಕೋರ್ಟಿನಲ್ಲಿ ತೀರ್ಪಿಗೆ ವರ್ಷಗಟ್ಟಲೆ ಕಾಯುವ ಕಕ್ಷಿದಾರರನ್ನು ಕಂಡು, ಇವರಿಗೆ ಸ್ವಲ್ಪವೂ ತಾಳ್ಮೆಯಿಲ್ಲ ಎಂದು ಮೂಗು ಮುರಿಯುತ್ತಿದ್ದವಳು ನಾನು. ಈಗ ಫೋನನ್ನು ಬಚ್ಚಲಿಗೂ ಒಯ್ಯತೊಡಗಿದೆ. ಸಾಲ ಬೇಕೇ ಎಂದು ಕೇಳುವ ಹುಡುಗಿಯರಿಗೂ ಎದ್ದು ನಿಂತು ನಮಸ್ಕಾರ ಹೇಳಿದೆ. ತವರಿಗೆ ಹೋಗಿಬರುವಾಗ ಬಿಣಗಾದ ಸುರಂಗ ಬಂತೆಂದರೆ ಜೀವ ಬಾಯಿಗೆ ಬರುತ್ತಿತ್ತು. ಒಳಗೆ ಸಿಗ್ನಲ್ ಹೋಗುತ್ತದೆ, ಆ ಹೊತ್ತಿಗೇ ಕಾಲೇಜಿನವರು ಫೋನು ಮಾಡಿ, ಉತ್ತರವಿಲ್ಲ ಎಂದು ಸೀಟನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ? ಡ್ರೈವರನಿಗೆ ಬೇಗ ಹೊಡಿ ಎಂದು ಹೇಳಲೂ ಆಗದೆ, ಕಾಲಿನಿಂದ ನಾನೇ ಮುಂದಿನ ಸೀಟಿನ ಕಂಬಿಯನ್ನು ಒತ್ತುತ್ತಿದ್ದೆ.

ಫೋನು ಬಂತು. ಬಂದದ್ದು ಸುನಂದಾಳಿಗೆ.

ಅವಳು ಆಗ ಒಣಮೀನು ತೊಳೆಯುತ್ತಿದ್ದಳು. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯುವುದಿಲ್ಲ, ಮನೆಮನೆಯಲ್ಲೂ ಅದೇ ವಾಸನೆ. ಮೊಣಕೈಯಿಂದ ಫೋನು ಒತ್ತಿ, ಹೌದು, ಹ್ಞೂಂ, ಆಯ್ತು ಎಂದು ಮೂರು ಮಾತು ಆಡಿ, ಮತ್ತೆ ಮೀನಿಗೆ ಕೈ ಹಾಕಿದಳು. ಯಾರದು ಎಂದು ಕೇಳಿದ್ದಕ್ಕೆ, ಕಾಲೇಜಿನವರಂತೆ, ಸೀಟು ಸಿಕ್ಕಿತಂತೆ ಎಂದಳು. ನನ್ನ ಇಡೀ ಜನ್ಮದ ಆಸೆಯನ್ನು ಯಾರೋ ಒಣಮೀನಿನ ಜೊತೆ ತೊಳೆದಂತಾಯಿತು. ನಾನು ‘ಅಯ್ಯೋ, ಒಳ್ಳೆಯದಾಯ್ತಲ್ಲೇ’ ಎಂದೆ. ನನ್ನ ಕಿವಿಗೇ ಆ ಮಾತು ಸುಳ್ಳುಸಾಕ್ಷಿಯ ಹೇಳಿಕೆಯಂತೆ ಕೇಳಿತು. ಮರುದಿನ ನಾನೇ ಕಾಲೇಜಿಗೆ ಫೋನು ಮಾಡಿದೆ. ನಿಮ್ಮ ಅಂಕ ಸ್ವಲ್ಪ ಕಡಿಮೆ, ಯಾರಾದರೂ ಸೀಟು ಬಿಟ್ಟರೆ ನಿಮಗೆ ಹೇಳುತ್ತೇವೆ, ಕಾಯಿರಿ ಎಂದರು. ವಯಸ್ಸಿನ ಜೊತೆ ಮೊಣಕಾಲು ನೋವು ಹೆಚ್ಚಾಗುತ್ತದೆ, ಕನ್ನಡಕದ ನಂಬರು ಹೆಚ್ಚಾಗುತ್ತದೆ. ಬಿ.ಎ. ಅಂಕ ಮಾತ್ರ ಇದ್ದಲ್ಲೇ ಇರುತ್ತದೆ.

ಯಾರಾದರೂ ಬಿಟ್ಟರೆ! ಆ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಆ ‘ಯಾರಾದರೂ’ಗೆ ನನ್ನ ಮನಸ್ಸಿನಲ್ಲಿ ಒಂದೇ ಮುಖ. ಇವಳಿಗೇನು ಬೇಕು ಕಾನೂನು? ನನ್ನ ಜೊತೆಗೆಂದು ಬಂದವಳು. ತಾನಾಗಿಯೇ ಬಿಡಬಹುದಲ್ಲ. ಗಂಡನೂ, ಸುನಂದಾ ಎಲ್ಲಿ ಹೋಗುತ್ತಾಳೆ, ಹೊಲಿಗೆ ಬಿಟ್ಟು ಎಂದರು. ಮೈದುನನಂತೂ, “ವೈನಿ, ಅವ್ಳಿಗೆ ಕೇಳಿದ್ರೆ ಸುಮ್ನೆ ನಗ್ತಾಳೆ, ನೀವೇ ಕೇಳಿ” ಎಂದ. ನಾನು ಕೇಳಲಿಲ್ಲ. ಕೇಳಿದರೆ ಆಸೆಬುರುಕಿಯಾಗುತ್ತೇನೆ. ಕೇಳದೆ, ಅವಳ ಎದುರಿಗೆ ಕಾನೂನು ಓದುವುದು ಎಷ್ಟು ಕಷ್ಟ, ಕಣ್ಣು ಹೋಗುತ್ತದೆ, ಕೂದಲು ಉದುರುತ್ತದೆ ಎಂದು ಗಾಳಿಗೆ ಹೇಳುವಂತೆ ಹೇಳಿದೆ. ಅವಳು ಗಮನವಿಟ್ಟು ಕೇಳಿ, ಮರುದಿನ ತಲೆಗೆ ಹಚ್ಚಿಕೊಳ್ಳಲು ನಮ್ಮಿಬ್ಬರಿಗೂ ದಾಸವಾಳದ ಎಣ್ಣೆ ಕಾಯಿಸಿಟ್ಟಳು. ಸಂಜೆ ಬಂದು, ಅಕ್ಕಾ, ಈ ‘ಸದರಿ’ ಅಂದರೆ ಏನು, ನೀವು ಯಾವಾಗಲೂ ಹೇಳುತ್ತೀರಲ್ಲ, ನನಗೂ ಕಲಿಸಿ ಎಂದಳು. ಕಲಿಸಿದೆ. ಹೊಟ್ಟೆ ಉರಿಯುತ್ತಿದ್ದರೂ ಕಲಿಸಿದೆ. ಅವಳು ಬೇಗ ಕಲಿತಳು ಎಂಬುದು ಇನ್ನೂ ಒಂದು ಉರಿ.

ಹೀಗೆ ಬೇಯುತ್ತಿರುವಾಗ ತವರಿನ ಊರದೇವರ ನೆನಪಾಯಿತು. ನಮ್ಮ ಕಡೆ ಯಾವ ಕೆಲಸವಿದ್ದರೂ ದೇವರ ಹತ್ತಿರ ಪ್ರಸಾದ ಕೇಳುವ ಪದ್ಧತಿ. ದೇವರ ಮೈಮೇಲೆ ಒದ್ದೆ ಹೂವಿನ ಎಸಳು ಅಂಟಿಸಿ, ಪೂಜೆಯವರು ನಮ್ಮ ಬೇಡಿಕೆಯನ್ನು ದೇವರಿಗೆ ಹೇಳುತ್ತಾರೆ. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಹೆಣ್ಣು ಕೊಡುವುದು, ಬಾವಿ ತೋಡುವುದು, ಆಕಳು ಕೊಳ್ಳುವುದು ಎಲ್ಲ ಅಲ್ಲೇ ತೀರ್ಮಾನ. ಫೋನಿಗೆ ಕಾಯುವುದಕ್ಕಿಂತ ಇದು ಬೇಗ, ಸಿಗ್ನಲ್ಲಿನ ತಾಪತ್ರಯವೂ ಇಲ್ಲ. ಹೊರಟು ನಿಂತರೆ, ಒಬ್ಬರೇ ಯಾಕೆ, ನಾನೂ ಜೊತೆಗೆ ಬರುತ್ತೇನೆ ಎಂದು ಸುನಂದಾ ಸೀರೆ ಉಟ್ಟು ತಯಾರಾಗಿಯೇ ಇದ್ದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಹೊಳೆದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ.

ಅಂಕೋಲೆಯವರೆಗೂ ಕಿಟಕಿಯ ಕಡೆ ಮುಖ ಮಾಡಿ, ಬೇಡಿಕೆಯನ್ನು ಮನಸ್ಸಿನಲ್ಲೇ ಟೈಪು ಮಾಡುತ್ತ ಕೂತೆ. ಅಲ್ಲೇ ನಾನು ಕೆಟ್ಟದ್ದು. ಬೇರೆಯವರು ‘ನನ್ನ ಕೆಲಸ ಆಗ್ತದಾ ದೇವರೇ’ ಎಂದು ಕೇಳಿ ಮುಗಿಸುತ್ತಾರೆ. ವಕೀಲರ ಕಚೇರಿಯಲ್ಲಿ ಬೆಳೆದ ಬುದ್ಧಿಗೆ ಅಷ್ಟು ಸಾಲುವುದಿಲ್ಲ. ನಮ್ಮ ದಾವೆಗಳಲ್ಲಿ ಮುಖ್ಯ ಪರಿಹಾರ ಕೇಳಿದ ಮೇಲೆ, ಅದು ಸಿಗದಿದ್ದರೆ ಪರ್ಯಾಯವಾಗಿ ಇಂಥದ್ದು ಎಂದು ಇನ್ನೊಂದು ಕೇಳಿಡುವುದು ರೂಢಿ. ಬರಿಗೈಯಲ್ಲಿ ಹಿಂದಿರುಗಬಾರದು ನೋಡಿ. ಹಾಗೆ ನಾನೂ ಎರಡು ಮಾಡಿಕೊಂಡೆ. ಒಂದು, ನನಗೆ ಸೀಟು ಸಿಗಲಿ. ಪರ್ಯಾಯವಾಗಿ, ನನಗೆ ಸಿಗದಿದ್ದರೆ ಅವಳಿಗೂ ಬೇಡ.

ನಮ್ಮೂರ ದೇವರ ಪೂಜೆ ತಲೆತಲಾಂತರದಿಂದ ಗುನಗ ಮನೆತನದವರದು. ಪೂಜೆಯ ಗುನಗಜ್ಜ ನನ್ನನ್ನು ಲಂಗ ಹಾಕುತ್ತಿದ್ದ ಕಾಲದಿಂದ ಬಲ್ಲವರು. ಗುಡಿಯಲ್ಲಿ ನನ್ನ ಅವ್ವ, ಚಿಕ್ಕಮ್ಮ, ಗದ್ದೆ ಕೆಲಸ ಬಿಟ್ಟು ಬಂದ ನಾಲ್ಕಾರು ಹೆಂಗಸರು ಸೇರಿದ್ದರು. ಸುನಂದಾ ಕೈಮುಗಿದು ಕಂಬದ ಹತ್ತಿರ ನಿಂತಿದ್ದಳು. ನಾನು ಅಜ್ಜನ ಕಿವಿಯ ಬಳಿ ಬಾಗಿ ಎರಡನ್ನೂ ಪಿಸುಗುಟ್ಟಿದೆ. ಅಜ್ಜ ನನ್ನನ್ನು ನೋಡಿದರು, ಕಂಬದ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು.

“ತಂಗೀ, ಇದು ಎರಡಾಯ್ತು” ಎಂದರು, ಇಡೀ ಗುಡಿಗೆ ಕೇಳುವಂತೆ. “ಒಂದು ಹೂಗೆ ಒಂದೇ ಮಾತು. ಯಾವ್ದು ಕೇಳೂದು, ಗಟ್ಟಿ ಹೇಳು. ದೇವ್ರ ಮುಂದೆ ಗುಟ್ಟಲ್ಲಿ ಕೇಳೂಕೆ ಆಗೂದಿಲ್ಲ.”

ಅಷ್ಟು ಜನರ ಕಣ್ಣು ನನ್ನ ಮೇಲೆ. ಬೆವರಿ, ‘ಮೊದಲನೇದೇ ಕೇಳಿ ಅಜ್ಜಾ’ ಎಂದೆ. ಅವರು ಎಸಳು ಅಂಟಿಸಿ, ಈ ನಿನ್ನ ಮಗಳಿಗೆ ವಕೀಲಿ ಕಾಲೇಜಲ್ಲಿ ಜಾಗ ಸಿಗುವುದಾದರೆ ಬಲಕ್ಕೆ ಕೊಡು ಎಂದು ದೇವರಿಗೆ ಹೇಳಿದರು. ಎಸಳು ಅಲ್ಲಾಡಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಕಾಲೇಜಿನವರಾಯಿತು, ಈಗ ದೇವರೂ ಕಾಯಿರಿ ಎನ್ನುತ್ತಿದೆಯಲ್ಲ ಎಂದು ಅಳು ಬಂತು. ಅಜ್ಜ ಮತ್ತೊಮ್ಮೆ ಹೇಳಿದರು. ಹೊರಗೆ ಒಂದು ಮಳೆ ಬಂದು ಹೋಯಿತು. ಅವ್ವನ ಬಾಯಿಯ ಎಲೆಯಡಿಕೆ ಮುಗಿಯಿತು. ಎಸಳು ನನ್ನ ಬಿ.ಎ. ಅಂಕದ ಹಾಗೆ ಇದ್ದಲ್ಲೇ ಇತ್ತು.

ಆಗ ಕಂಬದ ಹತ್ತಿರದಿಂದ ಸುನಂದಾ ಮುಂದೆ ಬಂದಳು. ಈ ಮನೆಗೆ ಬಂದಂದಿನಿಂದ ನಾಲ್ಕು ಜನರೆದುರು ದನಿ ಎತ್ತಿದವಳಲ್ಲ. “ಅಜ್ಜಾ, ನಂದೂ ಒಂದು ಮಾತು ದೇವ್ರಿಗೆ ಹೇಳಿ” ಎಂದಳು. “ಅಕ್ಕಂಗೆ ಸಿಗದಿದ್ರೆ ನಂಗೂ ಬೇಡ.”

ಒಂದಕ್ಷರ ಆಚೀಚೆಯಿಲ್ಲದೆ ಅದೇ ಪರ್ಯಾಯ ಪರಿಹಾರ! ನಾನು ಹೊಟ್ಟೆಕಿಚ್ಚಿನಿಂದ ಬರೆದದ್ದನ್ನು ಅವಳು ಪ್ರೀತಿಯಿಂದ ಓದಿಬಿಟ್ಟಿದ್ದಳು. ಅಜ್ಜ ನನ್ನ ಕಡೆ ಕೈ ತೋರಿಸಿ, “ಇವಳ ಎರಡನೇ ಮಾತೂ ಅದೇ. ಇಬ್ರದೂ ಒಂದೇ ಬೇಡಿಕೆ, ನಡೆಸಿಕೊಡು” ಎಂದು ದೇವರ ಕಡೆ ತಿರುಗಿದರು. ಅವರ ಮುಖದಲ್ಲಿ ನಗುವಿತ್ತೋ ಇಲ್ಲವೋ, ದೀಪದ ಬೆಳಕಿನಲ್ಲಿ ತಿಳಿಯಲಿಲ್ಲ. ಎಸಳು ಜಾರಿ ಬಲಕ್ಕೆ ಬಿತ್ತು. ಹೆಂಗಸರು ಕೈಮುಗಿದರು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ವಾರಗಿತ್ತಿಯರೆಂದರೆ ಹೀಗಿರಬೇಕು ಎಂದು ತನ್ನ ಸೊಸೆಯಂದಿರ ಕಡೆ ನೋಡಿದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಸುನಂದಾ ನನ್ನ ಕೈ ಹಿಡಿದುಕೊಂಡು ಕೂತಳು. “ಅಕ್ಕಾ, ನೀವೂ ಅದನ್ನೇ ಕೇಳಿದ್ರಿ ಅಂತ ಗೊತ್ತಿರ್ಲಿಲ್ಲ” ಎಂದಳು. ತಾನಿಲ್ಲದೆ ನನಗೆ ಕಾಲೇಜು ಬೇಡ ಎಂದು ನಾನು ಬೇಡಿಕೊಂಡಿದ್ದೆ ಎಂದೇ ಅವಳು ತಿಳಿದಿದ್ದಳು. ಇಷ್ಟು ದಿನ ತನ್ನ ಸೀಟಿನ ಬಗ್ಗೆ ಮಾತೆತ್ತದಿದ್ದದ್ದು, ನನಗೆ ನೋವಾಗುತ್ತದೆಂದು. ಬಿಟ್ಟುಬಿಡೋಣವೆಂದರೆ, ಅಕ್ಕ ಅಷ್ಟು ಆಸೆಯಿಂದ ತುಂಬಿದ ಅರ್ಜಿಯಲ್ಲವೇ ಎಂದು ಬಿಟ್ಟಿರಲಿಲ್ಲವಂತೆ. ನಿಜ ಹೇಳಿಬಿಡಬೇಕು ಅನ್ನಿಸಿತು. ಸುರಂಗ ಬರಲಿ, ಅಲ್ಲಿ ಮುಖ ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಹೇಳುತ್ತೇನೆ ಎಂದುಕೊಂಡೆ. ಸುರಂಗ ಬಂತು. ಇಷ್ಟು ದಿನ ಉದ್ದವಾಯಿತೆಂದು ನಾನು ಬೈಯುತ್ತಿದ್ದ ಆ ಸುರಂಗ ಅಂದು ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಯಿತು. ಸಂತೆಯಲ್ಲಿ ಬದನೆಯ ಪರವಾಗಿ ಅಷ್ಟು ವಾದಿಸಿದವಳಿಗೆ ನನ್ನ ವಿರುದ್ಧ ಒಂದು ಮಾತೂ ಹುಟ್ಟಲಿಲ್ಲ.

ಕೆಲವು ದಿನಗಳ ಮೇಲೆ ಕಾಲೇಜಿನಿಂದ ನನಗೂ ಫೋನು ಬಂತು. ಯಾರೋ ಶಿರಸಿ ಕಡೆಯವರು ಸೀಟು ಬಿಟ್ಟಿದ್ದರು. ಬಚ್ಚಲಿಗೂ ಫೋನು ಒಯ್ಯುತ್ತಿದ್ದವಳು ಅಂದು ಮಾತ್ರ ಅದನ್ನು ಹೊಲಿಗೆ ಯಂತ್ರದ ಮೇಲೆ ಮರೆತಿದ್ದೆ. ನನ್ನ ಸೀಟಿನ ಸುದ್ದಿಯನ್ನು ಮೊದಲು ಕೇಳಿದವಳೂ ಸುನಂದಾಳೇ. ಅದಕ್ಕೂ ಒಂದು ಕ್ಷಣ ಹೊಟ್ಟೆ ಚುರ್ ಎಂದಿತು. ತವರೂರಲ್ಲಂತೂ ಎಲ್ಲರದೂ ಒಂದೇ ಮಾತು: ಅಕ್ಕನಿಗೆ ಸೀಟು ಸಿಕ್ಕಿದ್ದು ತಂಗಿ ಬಾಯಿಬಿಟ್ಟು ಬೇಡಿದ್ದರಿಂದ. ನನ್ನ ಸೀಟು, ಅದೂ ಅವಳ ಲೆಕ್ಕಕ್ಕೇ ಹೋಯಿತು.

ಆದರೆ ಈಗೀಗ ನನಗೆ ಸುನಂದಾಳ ಮೇಲೆ ಅಷ್ಟು ಹೊಟ್ಟೆಕಿಚ್ಚಿಲ್ಲ. ಅದು ಇನ್ನೊಬ್ಬಳ ಮೇಲೆ ತಿರುಗಿದೆ. ಅವಳು ಸುನಂದಾಳ ಮನಸ್ಸಿನಲ್ಲಿರುವ ಅಕ್ಕ. ದೇವರ ಮುಂದೆ ನಿಂತು, ತಂಗಿಯಿಲ್ಲದೆ ತನಗೂ ಬೇಡ ಎಂದವಳು. ಎಂಥ ದೊಡ್ಡ ಮನಸ್ಸು ಅವಳದು! ಮನೆಯಲ್ಲಿ ಅವಳಿಗೆ ಚಹಾ ಮೊದಲು ಬರುತ್ತದೆ, ಬಂಗಡೆಯ ದೊಡ್ಡ ತುಂಡು ಅವಳ ತಟ್ಟೆಗೇ ಬೀಳುತ್ತದೆ, ಅವಳ ರವಿಕೆಗೆ ಹೊಲಿಗೆ ದುಪ್ಪಟ್ಟು ಗಟ್ಟಿ. ಕಾಲೇಜಿನ ಮೊದಲ ದಿನ ಕೋಡಿಬಾಗದಲ್ಲಿ ಬಸ್ಸು ತುಂಬಿ ಬಂದಿತ್ತು. ಸುನಂದಾ ನುಗ್ಗಿ ಹತ್ತಿ, ಕಿಟಕಿಯ ಪಕ್ಕದ ಸೀಟಿಗೆ ಕೊಡೆ ಅಡ್ಡ ಇಟ್ಟು, ಬಂದವರಿಗೆಲ್ಲ ಇದು ನಮ್ಮ ಅಕ್ಕನಿಗೆ ಎಂದು ಹೇಳುತ್ತ ಕಾದಳು. ಹೋಗಿ ಕೂತವಳು ಮಾತ್ರ ನಾನು.