ರಾಜಾಸಾಬರ ನಮಾಜು, ವಿರುಪಾಕ್ಷಿಯ ಮೀಸೆ

ಯಲಬುರ್ಗಾ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಕರಿಯುವ ವಿರುಪಾಕ್ಷಿ ತನ್ನ ಮೀಸೆಯನ್ನು ಪಣಕ್ಕೆ ಇಟ್ಟದ್ದು ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ. ಪಕ್ಕದ ಪಾನ್ ಅಂಗಡಿಯ ಕೊಟ್ರೇಶ ಎಲೆಗೆ ಸುಣ್ಣ ಹಚ್ಚುತ್ತ ಎದುರಿನ ರಾಜಾಸಾಬರ ಮೋಟರ್ ವೈಂಡಿಂಗ್ ಅಂಗಡಿಯತ್ತ ಗದ್ದ ತೋರಿಸಿದ. ಸುಟ್ಟ ಪಂಪ್‌ಸೆಟ್ ಮೋಟರುಗಳು ಅಂಗಡಿಯಲ್ಲಿ ಹಿಡಿಸದೆ ಬೀದಿಗೆ ಬಂದು ಕೂತಿದ್ದವು.

"ಇವತ್ತ ಚಾಚಾಂದು ಒಂದಾದ್ರೂ ನಮಾಜಿನ ಹೊತ್ತು ತಪ್ಪತೈತಿ ನೋಡು. ಇಷ್ಟ ಕೆಲಸ ಇಟಗೊಂಡು ಯಾವಾಂವ ಎದ್ದ ಹೊಕ್ಕಾನ?"

"ಚಾಚಾಂದು ತಪ್ಪೂದಿಲ್ಲ. ಜ್ವರ ಬಂದಾಗೂ ತಪ್ಪಿಲ್ಲ," ಎಂದ ವಿರುಪಾಕ್ಷಿ.

"ತಪ್ಪಿದ್ರ?"

"ನನ್ನ ಮೀಸಿ ಬೋಳಿಸ್ಕೊಂತೀನಿ!"

"ತಪ್ಪದಿದ್ರ ನಂದು. ಸಂಜಿ ನಮಾಜಿನ ತನಕ ನೋಡೂಣು."

ಮಾತು ಬಾಯಿ ದಾಟಿದ ಮೇಲೆ ವಿರುಪಾಕ್ಷಿಗೆ ಮದುವೆಯ ನೆನಪಾಯಿತು. ನಾಳೆ ಕುಷ್ಟಗಿಯಲ್ಲಿ ಅಕ್ಕನ ಮಗಳ ಮದುವೆ, ಸೋದರಮಾವ ಇವನೇ. ಹೆತ್ತವರು ತೀರಿಕೊಂಡಾಗ ಮಾತ್ರ ಮೀಸೆ ತೆಗೆಸುವ ಮಂದಿ ಇವರು. ಬೋಳು ಮುಖ ಹೊತ್ತು ಹಂದರಕ್ಕೆ ಕಾಲಿಟ್ಟರೆ ಅಪಶಕುನ ಅಂತ ಅಕ್ಕ ಬಾಗಿಲಲ್ಲೇ ಜಾಡಿಸುತ್ತಾಳೆ. ಹೀಗಾಗಿ ರಾಜಾಸಾಬರ ನಮಾಜು ಅವತ್ತಿನ ಮಟ್ಟಿಗೆ ವಿರುಪಾಕ್ಷಿಯ ಜವಾಬ್ದಾರಿಯಾಯಿತು.

ಮಧ್ಯಾಹ್ನ ಮಸೀದಿಯಿಂದ ಬಾಂಗು ಕೇಳಿತು. ರಾಜಾಸಾಬರು ಏಳಲಿಲ್ಲ! ಕೊಟ್ರೇಶ ಛೂ ಬಿಟ್ಟಿದ್ದ ರೈತ ಮಾರೆಪ್ಪ ಎದುರಿಗೇ ಕುಕ್ಕರಗಾಲಲ್ಲಿ ಕೂತು, "ಬದನಿ ಬಾಡಾಕತ್ತೈತ್ರಿ ಚಾಚಾ," ಎಂದು ಗೋಳಾಡುತ್ತಿದ್ದ. ವಿರುಪಾಕ್ಷಿ ಎಣ್ಣೆ ಸೋರುವ ಜಾಲರಿ ಸೌಟು ಹಿಡಿದುಕೊಂಡೇ ರಸ್ತೆ ದಾಟಿದ.

"ಬಾಂಗು ಆತ್ರಿ ಚಾಚಾ! ಲಗೂನ ಏಳ್ರಿ!"

"ಕೇಳಿಸ್ತಪಾ," ಎಂದರು ರಾಜಾಸಾಬರು, ತಂತಿ ಸುತ್ತುತ್ತಲೇ. "ಬಾಂಗು ಮುಗದ ಕೂಡ್ಲೆ ಹೊತ್ತು ಓಡಿ ಹೋಗೂದಿಲ್ಲ. ನೆತ್ತಿ ಮ್ಯಾಲಿನ ಸೂರ್ಯ ವಾಲಿದಾಗ ಶುರುವಾದದ್ದು ಮುಂದಿನ ನಮಾಜಿನ ತನಕ ಇರತೈತಿ. ಈ ಸುತ್ತು ನಡುವ ಬಿಟ್ಟು ಇವನ ಮೋಟರ್ ಕೆಡಿಸಿ, ನಾ ಯಾವ ಮಾರಿ ಇಟಗೊಂಡು ನಮಾಜಿಗೆ ನಿಂದರ್ಲಿ?"

ಸುತ್ತು ಮುಗಿಸಿದರು, ಕೈಕಾಲು ತೊಳೆದರು, ಹೋಗಿ ಬಂದರು. ನಾವೆಲ್ಲ ಇಡೀ ದಿನ ಹೊತ್ತಿನ ಹಿಂದೆ ಬಿದ್ದು ಏದುಸಿರು ಬಿಡುತ್ತೇವೆ. ಈ ಮನುಷ್ಯನ ಜೊತೆ ಮಾತ್ರ ಹೊತ್ತು ಗೆಳೆಯನಂತೆ ನಡೆಯುತ್ತಿತ್ತು. ನೋಡಿದರೆ ಹೊಟ್ಟೆಕಿಚ್ಚಾಗಬೇಕು. ಇತ್ತ ಬಾಣಲೆಯಲ್ಲಿದ್ದ ಮಿರ್ಚಿಗಳು ಕರಕಲಾಗಿದ್ದವು.

ಮೂರನೆಯ ನಮಾಜು ಅಸರ್‌ನ ಹೊತ್ತಿಗೆ ಕರೆಂಟು ಹೋಯಿತು. ಮಸೀದಿಯ ಮೈಕು ಸುಮ್ಮನಾಯಿತು. ಅದನ್ನೇ ಕಾಯುತ್ತಿದ್ದ ಕೊಟ್ರೇಶ, ರಾಜಾಸಾಬರ ಗೋಡೆ ಗಡಿಯಾರದ ಮುಳ್ಳನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಬಂದ. ವಿರುಪಾಕ್ಷಿ ಅದನ್ನು ಕಂಡು, ಬಾಂಗು ಆಯಿತೋ ಇಲ್ಲವೋ ಕೇಳಿ ಬರಲು ಮಸೀದಿಗೇ ಓಡಿದ. ಅಲ್ಲಿ ರಾಜಾಸಾಬರು ಆಗಲೇ ನಳದ ಕೆಳಗೆ ಕಾಲು ತೊಳೆಯುತ್ತಿದ್ದರು. ಅವರು ಗಡಿಯಾರ ನೋಡಿರಲೇ ಇಲ್ಲ, ಅಂಗಡಿ ಮುಂದಿನ ಕಂಬದ ನೆರಳು ನೋಡಿ ಎದ್ದು ಬಂದಿದ್ದರು.

ವಿರುಪಾಕ್ಷಿ ಕುಣಿಯುತ್ತ ವಾಪಸು ಬಂದಾಗ ಬಿಡಾಡಿ ಎಮ್ಮೆಯೊಂದು ಕಲಸಿಟ್ಟ ಕಡಲೆಹಿಟ್ಟಿನಲ್ಲಿ ಮೂತಿ ಇಟ್ಟು ಕಣ್ಣು ಮುಚ್ಚಿತ್ತು.

ಹೊಸ ಹಿಟ್ಟು ಕಲಸಿ ಒಲೆ ಹಚ್ಚುವಷ್ಟರಲ್ಲಿ ಸಂಜೆಯಾಯಿತು. ತಲೆ ಎತ್ತಿ ನೋಡಿದರೆ ರಾಜಾಸಾಬರಿಲ್ಲ, ಕೊಟ್ರೇಶನ ಬೈಕೂ ಇಲ್ಲ.

"ಮಾರೆಪ್ಪನ ಹೊಲದಾಗ ಮೋಟರ್ ಕುಂದರ್ಸಾಕ ಕರಕೊಂಡು ಹೋದ," ಎಂದರು ಯಾರೋ.

ಸಂಜೆಯ ಮಗ್ರಿಬ್ ನಮಾಜಿನ ಹೊತ್ತು ತೀರ ಸಣ್ಣದು ಅಂತ ವಿರುಪಾಕ್ಷಿ ಅಷ್ಟರಲ್ಲಿ ಕಲಿತಿದ್ದ. ಸಿಕ್ಕವರ ಸೈಕಲ್ ಕಸಿದುಕೊಂಡು ಹೊಲದ ದಾರಿ ಹಿಡಿದ. ಲುಂಗಿ ಚೈನಿಗೆ ಸಿಕ್ಕು ಎರಡು ಸಲ ಉರುಳಿದ. ಹೊಲ ಮುಟ್ಟಿದಾಗ ಸೂರ್ಯ ಆಗಷ್ಟೇ ಮುಳುಗಿದ್ದ.

ಬದುವಿನ ಮೇಲೆ ಟವೆಲ್ ಹಾಸಿ ರಾಜಾಸಾಬರು ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ಗ್ರೀಸು ಮೆತ್ತಿದ ಅಂಗಿ, ತೊಳೆದ ಮುಖ. ಸುತ್ತಲಿನ ಎರೆಹೊಲವೆಲ್ಲ ಅವರ ಜೊತೆ ಸುಮ್ಮನೆ ನಿಂತಂತಿತ್ತು. ಕೊಟ್ರೇಶ ಮಾರೆಪ್ಪನ ಎತ್ತಿನ ಹಗ್ಗ ಬಿಗಿ ಹಿಡಿದು, ಅದು ಅವರ ಕಡೆ ಹೋಗದಂತೆ ಕಾಯುತ್ತಿದ್ದ.

"ಸದ್ದು ಮಾಡಬ್ಯಾಡಲೇ," ಎಂದು ಅವನೇ ಪಿಸುಗುಟ್ಟಿದ. "ನಾ ಸೋತೆ. ಇಂಥಾವ್ರ ಮುಂದ ಸೋತ್ರ ಏನೂ ಅನಸೂದಿಲ್ಲ ಬಿಡು."

ನಮಾಜು ಮುಗಿಸಿ ಬಂದ ರಾಜಾಸಾಬರಿಗೆ ಪಣದ ಸುದ್ದಿ ತಿಳಿಯಿತು. ಅವತ್ತು ಮೊದಲ ಸಲ ಅವರ ಮುಖ ಗಂಟಿಕ್ಕಿತು.

"ಪಣ ಕಟ್ಟೂದು ನಮ್ಮಲ್ಲಿ ಹರಾಮ್ ಐತಿ. ಅದನ್ನ ನನ್ನ ನಮಾಜಿನ ಮ್ಯಾಲ ಕಟ್ಟೀರೇನು? ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಇಬ್ಬರ ಮೀಸಿನೂ ಇದ್ದಲ್ಲೇ ಇರ್ಲಿ."

ಕೊಟ್ರೇಶನ ಮೀಸೆ ಉಳಿದದ್ದಕ್ಕೆ ವಿರುಪಾಕ್ಷಿಗೆ ತುಸು ಬೇಜಾರಾದರೂ ತನ್ನದೂ ಉಳಿಯಿತಲ್ಲ, ಮೂವರೂ ಖುಷಿಯಿಂದಲೇ ಊರಿಗೆ ಮರಳಿದರು.

"ಚಾಚಾ, ಬಿಸಿ ಮಿರ್ಚಿ ತಿಂದ ಹೋಗ್ರಿ," ಎಂದು ವಿರುಪಾಕ್ಷಿ ಒಲೆಗೆ ಬಗ್ಗಿದ. ಓಡುವ ಗಡಿಬಿಡಿಯಲ್ಲಿ ಅವನು ಗ್ಯಾಸು ಬಂದ್ ಮಾಡಿರಲಿಲ್ಲ, ಉರಿಯನ್ನಷ್ಟೇ ಗಾಳಿ ಆರಿಸಿತ್ತು. ಕಡ್ಡಿ ಗೀರಿದ.

ಭುಗ್!

ಹೊಗೆ ತಿಳಿಯಾದಾಗ ವಿರುಪಾಕ್ಷಿಯ ಮುಖಕ್ಕೆ ಏನೂ ಆಗಿರಲಿಲ್ಲ. ಎಡಗಡೆಯ ಅರ್ಧ ಮೀಸೆ ಮಾತ್ರ ಇರಲಿಲ್ಲ.

ಕೊಟ್ರೇಶ ತನ್ನ ಮೀಸೆ ನೀವಿಕೊಳ್ಳುತ್ತ, ಉಳಿದರ್ಧ ತೆಗೆಯಲು ಕ್ಷೌರದ ಹನುಮೇಶನನ್ನು ಕರೆತಂದ. ಸುದ್ದಿ ಕೇಳಿ ವಿರುಪಾಕ್ಷಿಯ ಅವ್ವ ಸಣ್ಣವ್ವನೂ ಕೋಲೂರಿಕೊಂಡು ಬಂದಳು. ಮಗನ ಬೋಳು ಮುಖದ ಮೇಲೆ ಕೈಯಾಡಿಸಿದಳು.

"ನಾಳಿ ಹಂದರದಾಗ ನನ್ನ ಬಾಜೂಕನ ಕುಂದರು," ಎಂದಳು. "ಬಂದಬಂದವ್ರಿಗೆ ನಾನ ಹೇಳ್ತೀನಿ, ಸತ್ತಾಕಿ ನಾ ಅಲ್ಲಂತ."