ಕುಡಿಯದವನನ್ನು ಕುಡುಕನನ್ನಾಗಿಸಿದ ಎಸ್.ಜಿ.ಪಿ.ಟಿ.ಯವರಿಗೆ

ನನ್ನ ಯಕೃತ್ತಿನೊಳಗೆ ಕಾಯಂ ವಾಸವಿದ್ದು, ಹೇಳದೆ ಕೇಳದೆ ರಕ್ತದಲ್ಲಿ ಸಂಚಾರ ಹೊರಟ ಮಾನ್ಯ ಎಸ್.ಜಿ.ಪಿ.ಟಿ. ಕಿಣ್ವದವರೇ,

ವಡ್ಡು ಗ್ರಾಮದ ಕ್ರೇನ್ ಚಾಲಕ ಲಿಂಗರಾಜನ ಸಾಷ್ಟಾಂಗ ನಮಸ್ಕಾರಗಳು.

ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ತಾವು ಇರಬೇಕಾದದ್ದಕ್ಕಿಂತ ಬಹಳ ಮೇಲಿದ್ದೀರೆಂದು ವರದಿ ಬಂದದ್ದೇ ತಡ, ಹಬ್ಬಕ್ಕೂ ಹೆಂಡ ಮುಟ್ಟದ ನನ್ನನ್ನು ಊರಿನ ಹೆಸರಾಂತ ಕುಡುಕನ ಪದವಿಗೆ ಏರಿಸಿದಿರಿ. ಮೆಟ್ರಿಯಿಂದ ಬಸ್ಸು ಹತ್ತಿ ಬಂದ ಮಾವ ಉಚ್ಚೆಂಗಪ್ಪನವರು ವರದಿಯ ಮೇಲೆ ಬೆರಳಿಟ್ಟು, “ಲಿವರ್ ಸುಳ್ಳು ಹೇಳ್ತೈತೇನ್ರಿ ಅಳಿಯಂದ್ರ? ಕದ್ದು ಕುಡೀತೀರಿ!” ಎಂದರು. ಹೆಂಡತಿ ಅನ್ನಪೂರ್ಣ ನನ್ನ ಬಾಯಿ ಮೂಸಿ, ಏನೂ ವಾಸನೆ ಸಿಗದಿದ್ದಕ್ಕೆ “ಭಾಳ ಹುಷಾರಿ ಅದೀರಿ” ಎಂದು ಅತ್ತು, ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ತವರಿಗೆ ಹೊರಟೇಬಿಟ್ಟಳು. ಖಾಲಿ ಅಡುಗೆಮನೆಯಲ್ಲಿ ನಿಂತಾಗ, ತಮ್ಮ ಮೇಲಾಣೆ, ಒಂದು ಗುಟುಕು ಕುಡಿಯಬೇಕೆಂದು ಮೊದಲ ಸಲ ಅನ್ನಿಸಿತು.

ಹೊಸಪೇಟೆಯ ಡಾಕ್ಟರ್ ಗಾಯತ್ರಿಯವರು ತಮ್ಮ ಸ್ವಭಾವವನ್ನು ತಿಳಿಸಿಕೊಟ್ಟರು. “ಲಿವರ್‌ಗೆ ಪೆಟ್ಟಾದ್ರ ಇದು ರಕ್ತಕ್ಕ ಸೋರತೈತ್ರಿ. ಪೆಟ್ಟು ಕೊಟ್ಟೋರು ಯಾರಂತ ಮಾತ್ರ ಹೇಳಂಗಿಲ್ಲ. ಹೆಂಡ ಇರಬಹುದು, ಕೊಬ್ಬು, ಕಾಮಾಲೆ, ಮಾತ್ರೆ, ನಾಟಿ ಔಷಧನೂ ಇರಬಹುದು. ಬ್ಯಾರೆ ಏನರ ಕುಡೀತೀರೇನು?”

ಕುಡಿಯುತ್ತಿದ್ದೆ. ಮೊಣಕಾಲು ನೋವಿಗೆಂದು ಮಾವನವರೇ ಹುಡುಕಿ ಚೀಲ ತುಂಬ ಕಳಿಸಿದ ಬೇರಿನ ಕಷಾಯ, ದಿನಾ ಬೆಳಿಗ್ಗೆ ಒಂದು ಚೊಂಬು. ಉಳಿದ ಪರೀಕ್ಷೆ, ಸ್ಕ್ಯಾನ್ ಎಲ್ಲ ಸರಿಯಿದ್ದುದರಿಂದ ಡಾಕ್ಟರು ಅದನ್ನು ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದರು. ಕೊಟ್ಟೆ. ತಾವು ಸದ್ದಿಲ್ಲದೆ ಕೆಳಗಿಳಿದಿರಿ. ಫೋನಿನಲ್ಲಿ ವಿಷಯ ಕೇಳಿದ ಅನ್ನಪೂರ್ಣ ಪಕ್ಕದಲ್ಲಿದ್ದ ಅಪ್ಪನಿಗೆ, “ಹಂಗಾದ್ರ ಕುಡಿಸಿದಾವ ನೀನಽ ಅಲ್ಲೇನಪಾ?” ಎಂದದ್ದು ನನಗೂ ಕೇಳಿಸಿತು. ಮರುದಿನವೇ ಬಂದಳು. ಬೇರಿನ ಚೀಲವನ್ನು ನನ್ನಿಂದ ಹೊರಗೆ ತರಿಸಿ ತಿಪ್ಪೆಗೆ ಎಸೆದ ಮೇಲೆಯೇ ಒಳಗೆ ಕಾಲಿಟ್ಟಳು.

ನೋವಿಲ್ಲದೆ, ಹಸಿವು ಕೆಡದೆ ಒಳಗೊಳಗೇ ಹಾಳಾಗುತ್ತಿದ್ದವನನ್ನು ಎಚ್ಚರಿಸಿದ ತಮ್ಮ ಉಪಕಾರವನ್ನು ನಾನು ಮರೆಯಲಾರೆ. ಆದರೂ ಮುಂದೆ ಹೊರಬೀಳುವ ಸಂದರ್ಭ ಬಂದಲ್ಲಿ, ಪೆಟ್ಟು ಕೊಟ್ಟವರ ಹೆಸರು, ಊರು, ನನಗೂ ಅವರಿಗೂ ಇರುವ ಸಂಬಂಧವನ್ನು ಪತ್ರಾಂಕಿತ ಅಧಿಕಾರಿಗಳಿಂದ ದೃಢೀಕರಿಸಿಕೊಂಡೇ ಹೊರಬರಬೇಕೆಂದು ಕೈಮುಗಿದು ಬೇಡುತ್ತೇನೆ.

ತಾವು ತಮ್ಮ ಜಾಗದಲ್ಲೇ ಸುಖವಾಗಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಲಿಂಗರಾಜ

ವಿ.ಸೂ.: ಅನ್ನಪೂರ್ಣಳ ಹಟಕ್ಕೆ ಮಾವನವರೂ ರಕ್ತ ಕೊಟ್ಟರು. ಅವರಲ್ಲಿ ತಾವು ತೆಪ್ಪಗಿದ್ದೀರಿ, ಸಕ್ಕರೆಯವರು ಮಾತ್ರ ಎದ್ದು ಕುಳಿತಿದ್ದಾರೆ. “ಬರೇ ರಕ್ತ ನೋಡಿ ಮನಿಷಾನ್ನ ಅಳೀಬ್ಯಾಡ್ರಿ” ಎಂದು ಮಾವನವರು ಈಗ ಸಿಕ್ಕವರಿಗೆಲ್ಲ ಬುದ್ಧಿ ಹೇಳುತ್ತಿದ್ದಾರೆ.