ಯೋಧ ಹೊಳೆಗೆ ಇಳಿಯಿತು

ಗುಟ್ಟು ಕಾಯುವ ವಿಷಯದಲ್ಲಿ ನಮ್ಮ ಕನ್ನಡವನ್ನು ನಂಬುವಂತಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ನನಗೆ ವ್ಯಾಕರಣದ ಮೇಲೆ ಇಂಥ ಸಿಟ್ಟು ಎಂದೂ ಬಂದಿರಲಿಲ್ಲ. ಒಂದು ಮಾಸಪತ್ರಿಕೆಗೆ ಮಾಯಾಲೋಕದ ಧಾರಾವಾಹಿ ಬರೆಯಲು ಹೊರಟ ಮೇಲೆ ಬಂತು. ಕಥೆಯಲ್ಲಿ ಕಬ್ಬಿಣದ ಮುಖವಾಡ ತೊಟ್ಟ ಯೋಧರೊಬ್ಬರಿದ್ದಾರೆ. ಮುಖವಾಡದೊಳಗೆ ಇರುವುದು ಹೆಣ್ಣು. ಹನ್ನೆರಡನೇ ಕಂತಿನವರೆಗೆ ಅದು ಯಾರಿಗೂ ತಿಳಿಯಬಾರದು. ಮೈತುಂಬ ಕವಚ ತೊಡಿಸಬಹುದು, ಆದರೆ ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬಾಲ ಅಲ್ಲಾಡಿಸುತ್ತದಲ್ಲ! ‘ಬಂದನು’ ಎಂದರೆ ಓದುಗರಿಗೆ ಮೋಸ, ‘ಬಂದಳು’ ಎಂದರೆ ಕಥೆಯೇ ಮುಗಿಯಿತು. ‘ಕತ್ತಿ ಬೀಸಲ್ಪಟ್ಟಿತು’ ಎಂದು ಬರೆದು ನೋಡಿದೆ, ಪೊಲೀಸರ ಮಹಜರಿನ ಹಾಗಾಯಿತು. ಕೊನೆಗೆ ಗೌರವದ ಬಹುವಚನ ಹಿಡಿದೆ. ‘ಯೋಧರು ಕುದುರೆಯಿಂದ ಇಳಿದರು.’ ತಹಶೀಲ್ದಾರರು ಜೀಪಿನಿಂದ ಇಳಿದಂತೆ ಕೇಳಿಸಿದರೂ ಹತ್ತು ಕಂತು ದಾಟಿತು.

ಗುಟ್ಟು ಇನ್ನೊಂದಿತ್ತು. ಧಾರಾವಾಹಿಯ ಲೇಖಕ ‘ವಜ್ರಬಾಹು’ ಎಂದರೆ ನಾನೇ. ಮನೆಯಲ್ಲಿ ಹೇಳಿರಲಿಲ್ಲ. ಲೆಕ್ಕದ ಟೀಚರು ಹಾರುವ ಕುದುರೆಯ ಕಥೆ ಬರೆಯುತ್ತಾಳೆಂದು ತಿಳಿದರೆ ಅತ್ತೆ ನಗುತ್ತಾರೆಂಬ ಹೆದರಿಕೆ. ಅವರು ನಕ್ಕರೆ ಮತ್ತೆ ನನ್ನಿಂದ ಒಂದು ಸಾಲೂ ಬರೆಯಲಾಗುತ್ತಿರಲಿಲ್ಲ, ಇದು ತಮಾಷೆಯ ಮಾತಲ್ಲ. ನೋಡಿದರೆ ಆ ಧಾರಾವಾಹಿಗೆ ಅತ್ತೆಯಷ್ಟು ಹುಚ್ಚಿನ ಓದುಗರು ಇನ್ನೊಬ್ಬರಿಲ್ಲ. ಪತ್ರಿಕೆ ಬಂದ ದಿನ ದರ್ಬೆಯ ನಮ್ಮ ಮನೆಯ ಜಗಲಿಯಲ್ಲಿ ಅವರೂ ಪಕ್ಕದ ಮನೆಯ ಜೊಹರಾ ಅವರೂ ಕೂತು ವಿಚಾರಣೆ ನಡೆಸುತ್ತಿದ್ದರು.

“ಮುಖವಾಡದ ಒಳಗೆ ಯಾರುಂತ ಗೊತ್ತಾಗದೆ ನನಗೆ ಊಟ ಸೇರುದಿಲ್ಲ ಮಾರಾಯ್ತಿ. ಈ ವಜ್ರಬಾಹುವಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ವಾ?” ಎಂದು ಅತ್ತೆ ಕೇಳಿದಾಗಲೆಲ್ಲ ವಜ್ರಬಾಹು ಒಳಗೆ ಪಾತ್ರೆ ಜೋರಾಗಿ ತೊಳೆಯುತ್ತಿದ್ದ.

ಹನ್ನೊಂದನೇ ಕಂತು ಓದುತ್ತಿದ್ದ ಜೊಹರಾ ಅರ್ಧದಲ್ಲಿ ನಿಲ್ಲಿಸಿದರು. “ಇದೆಂತ? ‘ಯೋಧ ಕತ್ತಿ ಸಿಕ್ಕಿಸಿಕೊಂಡು ಹೊಳೆಗೆ ಇಳಿಯಿತು’ ಅಂತ ಉಂಟು. ಯೋಧ ಮನುಷ್ಯ ಅಲ್ವಾ? ಭೂತವಾ?”

“ಅಚ್ಚಿನ ತಪ್ಪು ಇರ್ಬೇಕು” ಎಂದು ಒಳಗಿನಿಂದಲೇ ಕೂಗಿದೆ. ಅಚ್ಚಿನ ತಪ್ಪಲ್ಲ. ನಾನು ಸುಳ್ಯದವಳು, ಮನೆಮಾತು ಅರೆಭಾಷೆ. ನಮ್ಮಲ್ಲಿ ಹೆಂಗಸರೆಲ್ಲ ‘ಅದು’. ಬಸ್ಸು ಬಂದಂತೆಯೇ ಅಜ್ಜಿಯೂ ‘ಬಂತು’. ಅವಸರದಲ್ಲಿ ಕೈ ತವರಿನ ದಾರಿ ಹಿಡಿದುಬಿಟ್ಟಿತ್ತು.

ಅತ್ತೆಯೂ ಸುಳ್ಯದ ಕಡೆಯವರೇ. ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. “ಭೂತವೂ ಅಲ್ಲ ಎಂತದೂ ಅಲ್ಲ ಜೊಹರಾ, ಒಳಗೆ ಇರುದು ಹೆಣ್ಣು.” ಪತ್ರಿಕೆ ಮಡಚಿ, “ಬರೆದದ್ದು ನಮ್ಮ ಭಾಷೆಯದ್ದು. ಮತ್ತೆ ಸೈನ್ಯ ಪಾಲು ಮಾಡುವಾಗೆಲ್ಲ ಶೇಷ ಎಷ್ಟೂಂತ ಬರೀತದೆ. ಯಾರೂಂತ ಇನ್ನು ಕೇಳ್ಬೇಕಾ?” ಎಂದರು.

ನಾನು ನಲ್ಲಿ ನಿಲ್ಲಿಸಿದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು, ಹಿಂದೆ ಜೊಹರಾ. ಅವರಿಗೂ ಅರ್ಥವಾಗಲಿ ಎಂದೋ ಏನೋ ಅತ್ತೆ ಕನ್ನಡದಲ್ಲೇ ಕೇಳಿದರು. “ಅದು ಎಂತಕ್ಕೆ ಮುಖ ಮುಚ್ಚಿಕೊಂಡದ್ದು?”

ಕೇಳಿದ್ದು ಯೋಧರ ಬಗ್ಗೆಯೋ ನನ್ನ ಬಗ್ಗೆಯೋ ತಿಳಿಯಲಿಲ್ಲ. “ನಗಾಡ್ತಾರೆ ಅಂತ” ಎಂದೆ.

“ನಗಾಡ್ಲಿ. ಕತ್ತಿ ಉಂಟಲ್ಲ.”

ಅಷ್ಟು ಹೇಳಿ ಅತ್ತೆ, ನಾನು ತೊಳೆಯುತ್ತಿದ್ದ ಪಾತ್ರೆಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ಕೈ ಒರೆಸಿಕೊಂಡು ಕಾಗದ ಹುಡುಕಲು ಹೋದೆ.

ಮರುದಿನ ಜೊಹರಾ ಬಂದು “ಟೀಚರ್ ಇಲ್ವಾ?” ಎಂದರು. ಅತ್ತೆ ದನಿ ತಗ್ಗಿಸಿದರು. “ಈಗ ಕರೀಲಿಕ್ಕೆ ಆಗುದಿಲ್ಲ. ಅದು ಬರೀತಾ ಉಂಟು.” ಇಷ್ಟು ವರ್ಷ ಶಾಲೆಯಲ್ಲಿ ಬಹುವಚನದಲ್ಲಿ ಕರೆಸಿಕೊಂಡವಳು ನಾನು. ಆ ‘ಅದು’ವಿನಷ್ಟು ಗೌರವ ಯಾವುದರಲ್ಲೂ ಸಿಕ್ಕಿರಲಿಲ್ಲ.

ನಿಜ ಹೇಳಬೇಕೆಂದರೆ ಅದು ಬರೆಯುತ್ತಿರಲಿಲ್ಲ. ಅತ್ತೆ ಏನು ಹೇಳುತ್ತಾರೆಂದು ಬಾಗಿಲಿಗೆ ಕಿವಿ ಆನಿಸಿ ಕೂತಿತ್ತು.